ಶೇಂಗಾ ಅಂಚಿನ ಕಂಪ್ಯೂಟರು

ನಿಂಬೆಹಣ್ಣಿನ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ಶುಕ್ರವಾರ ನನ್ನ ಹೆಂಡತಿ ರತ್ನ ಹಿತ್ತಲಲ್ಲಿ ಕೂತು ತಾಮ್ರದ ಬಿಂದಿಗೆಗೆ ನಿಂಬೆ ಹೋಳು, ಉಪ್ಪು ಹಾಕಿ ಉಜ್ಜುತ್ತಿದ್ದಳು. ತಾಮ್ರದ ಕಿಲುಬು ಕರಗುವಾಗ ಒಂದು ಥರದ ಹುಳಿ ವಾಸನೆ ಏಳುತ್ತದೆ. ಅದು ಅಡುಗೆಮನೆ ದಾಟಿ ಪಡಸಾಲೆಗೆ ಬಂದದ್ದೇ ತಡ, ಓದುತ್ತಿದ್ದ ಪೇಪರನ್ನು ಮಡಚಿ ಕೆಳಗಿಟ್ಟೆ.

"ಮತ್ತೆ ಮೊಳಕಾಲ್ಮುರು ನೆನಪಾಯ್ತಾ?" ಎಂದಳು ರತ್ನ ಒಳಗಿನಿಂದಲೇ.

ಪೇಪರು ಮಡಚಿದ ಸದ್ದಿನಲ್ಲೇ ಗಂಡನ ಸಿಟ್ಟು ಗುರುತಿಸುವ ಹೆಂಗಸಿನ ಮುಂದೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಹೌದು ಎಂದೆ. ಆ ವರ್ಷದ ಆಷಾಢದ ಗಾಳಿಯಿಂದ ಹಿಡಿದು ಶೇಂಗಾ ಕೀಳುವವರೆಗಿನ ನಾಲ್ಕು ತಿಂಗಳು ನನ್ನ ಮೈಯಲ್ಲಿ ಇನ್ನೂ ಆರಿಲ್ಲ. ಆರಬೇಕು ಎಂದು ನನಗೆ ಆಸೆಯೂ ಇಲ್ಲ.

ನಾನು ಚಳ್ಳಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಪರಶುರಾಂಪುರದ ಕಡೆಯವರು, ತಳಕಿನ ಕಡೆಯವರು ನನ್ನ ಬಾಗಿಲಿಗೆ ಹೊತ್ತು ತರುತ್ತಾರೆ. ಸುಟ್ಟ ಸುರುಳಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತೇನೆ. ಅದು ಹೊಟ್ಟೆಪಾಡು. ನನ್ನ ಹುಚ್ಚು ಬೇರೆ, ಅದು ಹಳೆಯ ಕಂಪ್ಯೂಟರುಗಳದ್ದು. ಭಾನುವಾರ ಬಂತೆಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು, ನನ್ನ ಬೆಸುಗೆ ಕಡ್ಡಿ, ಊರಿನವರು ಸತ್ತುಹೋಯಿತೆಂದು ಎಸೆದ ಯಾವುದಾದರೊಂದು ಯಂತ್ರ. ಅದನ್ನು ಎಬ್ಬಿಸಿ ಕೂರಿಸಬೇಕು, ಸಾಧ್ಯವಾದರೆ ಹುಟ್ಟಿದಾಗ ಇದ್ದದ್ದಕ್ಕಿಂತ ಒಂದು ಕೈ ಹೆಚ್ಚಿನ ಶಕ್ತಿ ಕೊಡಬೇಕು. ಇಷ್ಟೇ ನನ್ನ ಆಟ.

"ಇದರಿಂದ ಏನ್ ಬರ್ತೈತೆ?" ಎಂದು ಕೇಳದವರು ಚಳ್ಳಕೆರೆಯಲ್ಲಿ ಯಾರೂ ಉಳಿದಿಲ್ಲ. ಇದೇ ಜನ ಮೂರು ವರ್ಷಕ್ಕೊಂದು ಹೊಸ ಕಂಪ್ಯೂಟರು ಕೊಳ್ಳುತ್ತಾರೆ. ಎಲ್ಲೋ ಕೂತ ಯಾವನೋ ಒಬ್ಬ, ನಿನ್ನ ಯಂತ್ರಕ್ಕೆ ವಯಸ್ಸಾಯಿತು, ಬಿಸಾಡು ಎಂದು ಪರದೆಯ ಮೇಲೆ ಬರೆದರೆ ಇವರು ಮರುಮಾತಿಲ್ಲದೆ ಬಿಸಾಡುತ್ತಾರೆ. ಈಗಿನವುಗಳನ್ನು ಬಿಚ್ಚಲೂ ಆಗುವುದಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಕೊಂಡವನೇ ತನ್ನ ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡಬಾರದಂತೆ. ಹಳೆಯವು ಹಾಗಲ್ಲ. ನಾಲ್ಕು ತಿರುಪು ಬಿಚ್ಚಿದರೆ ಎಲ್ಲವೂ ಎದುರಿಗೆ ಇರುತ್ತದೆ, ಎಲ್ಲಿ ಕೆಟ್ಟಿದೆ ಎಂದು ತಾನೇ ತೋರಿಸುತ್ತದೆ. ನನ್ನ ಬಳಿ ವಾದಕ್ಕೆ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಅಂಜಿನಮ್ಮ ಬಂದದ್ದು ಆಷಾಢದ ಗಾಳಿ ಜೋರಾಗಿದ್ದ ಒಂದು ಮಂಗಳವಾರ. ಅಂಗಡಿಯ ಷಟರು ಅರ್ಧ ಎಳೆದುಕೊಂಡು ಕೆಲಸ ಮಾಡುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಕಡೆ ಬಾಯಿ ತೆರೆದರೆ ಹಲ್ಲಿನ ಸಂದಿಯಲ್ಲಿ ಕೆಂಪು ಮಣ್ಣು ಸಿಗುತ್ತದೆ. ಷಟರಿನ ಕೆಳಗೆ ಬಗ್ಗಿ ಒಳಗೆ ಬಂದ ಹೆಂಗಸಿಗೆ ಅರವತ್ತರ ಹತ್ತಿರ ಇರಬಹುದು. ಬಸ್ಸಿನ ಧೂಳನ್ನೆಲ್ಲ ಸೆರಗಿನಿಂದ ಒರೆಸಿಕೊಂಡು, ಕೂರಿ ಎನ್ನುವ ಮೊದಲೇ ಕೂತಳು.

"ಹಳೇ ಕಂಪ್ಯೂಟ್ರು ರಿಪೇರಿ ಮಾಡೋರು ನೀವೇನಾ? ನಾನು ಮೊಳಕಾಲ್ಮುರಿನಾಕಿ. ನೇಕಾರ್ರು. ನಮ್ಮ ಸಂಘದ ಕ್ಲಾರ್ಕು ತಿಪ್ಪೇಸ್ವಾಮಿ ನಿಮ್ಮ ಹೆಸ್ರು ಹೇಳಿದ."

ಅವಳು ಹೇಳಿದ ಕಥೆ ಚಿಕ್ಕದು. ಅವಳ ಗಂಡ ಗೋವಿಂದಪ್ಪ ರೇಷ್ಮೆ ಸೀರೆಯ ಅಂಚಿನ ಚಿತ್ತಾರ ಬರೆಯುವವನು. ತೊಂಬತ್ತರ ದಶಕದಲ್ಲಿ ಅವರ ನೇಕಾರರ ಸಂಘಕ್ಕೆ ಯಾವುದೋ ಯೋಜನೆಯಲ್ಲಿ ಒಂದು ಕಂಪ್ಯೂಟರು ಬಂತು. ಮಿಕ್ಕವರೆಲ್ಲ ಅದಕ್ಕೆ ಹೂ ಮುಡಿಸಿ ದೂರ ನಿಂತರೆ, ಏಳನೇ ಕ್ಲಾಸು ಓದಿದ ಗೋವಿಂದಪ್ಪ ಅದರ ಮುಂದೆ ಕೂತು ಚುಕ್ಕಿ ಚುಕ್ಕಿಯಾಗಿ ಅಂಚು ಬರೆಯುವುದನ್ನು ಕಲಿತ. ಬರೆದದ್ದನ್ನು ಕಾಗದಕ್ಕೆ ಇಳಿಸಿ, ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಆ ಕಾರ್ಡುಗಳ ಮಾಲೆ ಮಗ್ಗದ ಮೇಲೆ ತಿರುಗಿದರೆ ಯಾವ ಎಳೆ ಮೇಲೆ, ಯಾವ ಎಳೆ ಕೆಳಗೆ ಎಂದು ಮಗ್ಗಕ್ಕೆ ತಿಳಿಯುತ್ತದೆ. ಅವನು ಬರೆದ ಅಂಚುಗಳಲ್ಲಿ ಒಂದು ಶೇಂಗಾ ಅಂಚು. ನೆಲದ ಗೆರೆ ಒಂದು, ಮೇಲೆ ಎಲೆ ಮತ್ತು ಹಳದಿ ಹೂವು, ಗೆರೆಯ ಕೆಳಗೆ ಬೇರು, ಬೇರಿಗೆ ಜೋತ ಕಾಯಿ. ಮಾವು, ಹಂಸ, ನವಿಲು ಎಲ್ಲರೂ ನೇಯ್ದಿದ್ದಾರೆ. ಮಣ್ಣಿನ ಒಳಗಿನದನ್ನು ಸೀರೆಗೆ ತಂದವನನ್ನು ನಾನಂತೂ ಕೇಳಿರಲಿಲ್ಲ.

ಕಂಪ್ಯೂಟರು ಕೆಟ್ಟು ಮೂಲೆ ಸೇರಿತು. ಗೋವಿಂದಪ್ಪ ತೀರಿಕೊಂಡ. ಕಾರ್ಡುಗಳನ್ನು ಗೆದ್ದಲು ತಿಂದವು. ಇದೆಲ್ಲ ಆದ ಎಷ್ಟೋ ವರ್ಷದ ಮೇಲೆ ಸಂಘಕ್ಕೆ ಬಂದ ಅಧ್ಯಕ್ಷರು ಈಗ ಆ ಅಂಚಿನ ಒಂದು ಹಳೆಯ ಸೀರೆಯನ್ನು ದೊಡ್ಡ ಪ್ರದರ್ಶನವೊಂದಕ್ಕೆ ಕಳಿಸುವವರಿದ್ದರು. ಅರ್ಜಿಯಲ್ಲಿ ವಿನ್ಯಾಸಕಾರರ ಹೆಸರು ಎಂಬ ಜಾಗದಲ್ಲಿ ತಮ್ಮದೇ ಹೆಸರು ಬರೆಸಿದ್ದರು. ಅಂಜಿನಮ್ಮ ಹೋಗಿ ಕೇಳಿದ್ದಕ್ಕೆ, ನಾನು ಅಧ್ಯಕ್ಷನಾದ ಮೇಲೆ ಕೂತು ಬರೆಸಿದ ಅಂಚು ಕಣಮ್ಮ ಅದು, ನಿನ್ನ ಗಂಡಂದು ಅನ್ನೋಕೆ ಪುರಾವೆ ತಗೊಂಬಾ ಎಂದರಂತೆ.

"ಪುರಾವೆ ಆ ಕಂಪ್ಯೂಟ್ರಿನ ಹೊಟ್ಟೆಯಾಗೈತೆ ಅಂತಾನೆ ತಿಪ್ಪೇಸ್ವಾಮಿ. ಬರ್ದ ತಾರೀಕು ಅದರಾಗೆ ಇರ್ತೈತಂತೆ, ಹೌದಾ?"

"ಹೌದು" ಎಂದೆ. "ಪ್ರತಿ ಕಡತದ ಪಕ್ಕ ತಾರೀಕು, ಹೊತ್ತು, ಎರಡೂ ಇರ್ತಾವೆ."

"ಮಾ ಆಯನ ಹೆಸ್ರು ಒಂದು ಕಾಗದದ ಮ್ಯಾಲೆ ಬರ್ಬೇಕು ಅಷ್ಟೆ. ನನಗೆ ಇನ್ನೇನೂ ಬ್ಯಾಡ."

ಗಂಡನನ್ನು ಅವಳು ಹೀಗೆ ತೆಲುಗಿನಲ್ಲೇ ಹೇಳುತ್ತಿದ್ದಳು. ಆಂಧ್ರದ ಗಡಿಯ ಮಗ್ಗುಲಲ್ಲೇ ಇರುವ ಆ ಊರಿನಲ್ಲಿ ಪ್ರೀತಿಯ ಮಾತು ಒಂದು ಭಾಷೆಯಲ್ಲಿ, ಜಗಳ ಇನ್ನೊಂದರಲ್ಲಿ.

ಮುಂದಿನ ಭಾನುವಾರ ತಳಕು, ಬಿ.ಜಿ.ಕೆರೆ ದಾಟಿ ಮೊಳಕಾಲ್ಮುರಿಗೆ ಹೋದೆ. ಸಂಘದ ಕಚೇರಿಯಲ್ಲಿ ಅಧ್ಯಕ್ಷರು ಸಿಕ್ಕರು. ಬಿಳಿ ಅಂಗಿ, ಮೆತ್ತಗಿನ ಮಾತು. ಗಟ್ಟಿ ಮಾತಿನವರ ಹತ್ತಿರ ನಾನೂ ಗಟ್ಟಿಯಾಗಿ ಜಗಳವಾಡಬಲ್ಲೆ, ಈ ಮೆತ್ತಗಿನವರ ಹತ್ತಿರ ನನಗೆ ಆಗುವುದಿಲ್ಲ. "ನೋಡ್ರಿ, ಅದು ಕಂಡೆಮ್ ಆಗಿರೋ ಸಾಮಾನು. ಸಂಘದ ಆಸ್ತಿ. ಹಂಗೆಲ್ಲ ಮುಟ್ಟಂಗಿಲ್ಲ. ಒಂದು ಅರ್ಜಿ ಕೊಡ್ರಿ, ಮೀಟಿಂಗಿನಾಗೆ ಇಡಾನ" ಎಂದರು. ಅರ್ಜಿ ಕೊಟ್ಟೆ. ಕ್ಲಾರ್ಕು ತಿಪ್ಪೇಸ್ವಾಮಿ ಅದಕ್ಕೆ ಮೊಹರು ಒತ್ತಿ ತಗೊಂಡ. ನಲವತ್ತು ದಾಟಿದ, ಕಣ್ಣಿಗೆ ಕಣ್ಣು ಕೊಡದ ಮನುಷ್ಯ. ಬಾಗಿಲವರೆಗೆ ಕಳಿಸಿಕೊಡಲು ಬಂದವನು ಏನೋ ಹೇಳಲು ಬಾಯಿ ತೆರೆದು, ಒಳಗಿನಿಂದ ಕೆಮ್ಮಿನ ಸದ್ದು ಬಂದದ್ದಕ್ಕೆ ಮುಚ್ಚಿಕೊಂಡ.

ಅವನು ಬಾಯಿ ಬಿಟ್ಟದ್ದು ಗುರುವಾರ. ಫೋನು ಮಾಡಿದ. "ಸಾರ್, ನಿಮ್ಮ ಅರ್ಜಿ ಬಂದ ಮಾರ್ನೇ ದಿನಾನೇ ಗೋಡೌನ್ ಸಾಮಾನೆಲ್ಲ ಗುಜರಿ ಲಾರಿಗೆ ಹಾಕ್ಸಿದ್ರು. ಲಾರಿ ಚಳ್ಳಕೆರೆ ಕಡೆಗೆ ಹೋತು. ನಾನು ಹೇಳ್ದೆ ಅಂತ ಹೇಳ್ಬ್ಯಾಡ್ರಿ."

ಇಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದಾಗ ಆ ಯಂತ್ರ ಯಾರ ಕಣ್ಣಿಗೂ ಚುಚ್ಚಿರಲಿಲ್ಲ. ಅದರಿಂದ ಒಬ್ಬ ವಿಧವೆಗೆ ಉಪಯೋಗವಾಗಬಹುದು ಎಂದು ತಿಳಿದ ಕೂಡಲೇ ಗೋಡೌನು ಸ್ವಚ್ಛ ಮಾಡುವ ಉತ್ಸಾಹ ಬಂತು. ಗಿರಾಕಿಯ ಮೋಟಾರನ್ನು ಹಾಗೇ ಬಿಟ್ಟು ಸಂತೆ ಬೀದಿಯ ಬಾಷಾ ಸಾಬರ ಗುಜರಿಗೆ ಓಡಿದೆ. ಹಳೆಯ ಯಂತ್ರಗಳಿಗಾಗಿ ವಾರಕ್ಕೊಮ್ಮೆ ನಾನು ಹೋಗುವ ಜಾಗವೇ ಅದು. ಅಲ್ಲಿ ಕಂಪ್ಯೂಟರುಗಳನ್ನು ಕೊಡಲಿಯಿಂದ ಒಡೆದು ತಾಮ್ರ ಬೇರೆ, ತಗಡು ಬೇರೆ ಮಾಡುತ್ತಾರೆ. ನಾನು ಹೋದಾಗ ಆ ಲಾರಿಯ ಸಾಮಾನು ಅರ್ಧ ಒಡೆದಾಗಿತ್ತು.

"ಬಾಷಾ ಭಾಯ್, ಮೊಳಕಾಲ್ಮುರು ಮಾಲು?"

"ಠೈರೋ, ಠೈರೋ" ಎಂದು ಕೆಲಸದವನನ್ನು ನಿಲ್ಲಿಸಿ ಸಾಬರು ನನ್ನ ಮುಖ ನೋಡಿದರು. "ಏನು, ಒಳಗೆ ಬಂಗಾರ ಐತಾ?"

ಎಲ್ಲ ವಿಷಯ ಹೇಳಿದೆ. ಸಾಬರು ತಾವೇ ರಾಶಿಗೆ ಕೈಹಾಕಿ ಹುಡುಕಿದರು. ಕೆಳಗೆ, ಮುರಿದ ಕುರ್ಚಿಗಳ ಅಡಿಯಲ್ಲಿ, ಬಗಲಿಗೆ ಸಂಘದ ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆದ ಪೆಟ್ಟಿಗೆ ಸಿಕ್ಕಿತು. ಪರದೆ ಮಾತ್ರ ಆಗಲೇ ಒಡೆದಿತ್ತು. "ತಗೊಂಡೋಗು. ಇಮಾನ್ದಾರಿ ಕೆಲಸ ಇದು" ಎಂದರು. ಅಧ್ಯಕ್ಷರ ಬಿಳಿ ಅಂಗಿಗಿಂತ ಸಾಬರ ಮಸಿ ಹತ್ತಿದ ಬನಿಯನ್ನು ಸ್ವಚ್ಛವಾಗಿತ್ತು ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಒಂದು ಸೇರು ಧೂಳು, ಒಂದು ಇಲಿಯ ಗೂಡು. ಮುಖ್ಯ ಹಲಗೆಯ ಮೂಲೆಯಲ್ಲಿ ಗಡಿಯಾರಕ್ಕೆಂದು ಇಡುವ ಪುಟ್ಟ ಬ್ಯಾಟರಿ ಒಡೆದು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ಹಸಿರು ಕಿಲುಬು ತಿಂದಿತ್ತು. ಹಳೆಯ ಕಂಪ್ಯೂಟರುಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಬ್ಯಾಟರಿ ಕಿತ್ತು ಹಾಕಿ, ನಿಂಬೆಹಣ್ಣಿನ ರಸ ಹತ್ತಿಯಲ್ಲಿ ಅದ್ದಿ ಕಿಲುಬು ತೊಳೆದೆ. ಇಡೀ ಶ್ರಾವಣ ನನ್ನ ಬೆರಳುಗಳಿಗೆ ಅದೇ ವಾಸನೆ. ರತ್ನ ಅನ್ನ ಬಡಿಸುವಾಗ ಮೂಗು ಮುರಿಯುತ್ತಿದ್ದಳು.

ಕಿಲುಬು ಹೋದ ಮೇಲೆ ನೋಡಿದರೆ ಹದಿನೇಳು ಗೆರೆಗಳು ತುಂಡಾಗಿದ್ದವು. ಮೋಟಾರು ಸುತ್ತುವ ತಂತಿಯಲ್ಲೇ ಅತಿ ಸಣ್ಣದನ್ನು ಆರಿಸಿ, ಭೂತಗನ್ನಡಿ ಹಿಡಿದು, ಒಂದೊಂದನ್ನೇ ಜೋಡಿಸಿದೆ. ಗಾಳಿ ಬೀಸಿದ ದಿನ ಧೂಳಿನಿಂದಾಗಿ ಬೆಸುಗೆ ಕೂರುತ್ತಿರಲಿಲ್ಲ, ಬೀಸದ ದಿನ ಅಂಗಡಿಯಲ್ಲಿ ಮೋಟಾರುಗಳ ಸಾಲು. ಮೂರು ಭಾನುವಾರ ಹಿಡಿಯಿತು. ನನ್ನ ಸಂಗ್ರಹದಲ್ಲಿದ್ದ ಹಳೆಯ ಪರದೆ ಒಂದನ್ನು ಕೊಟ್ಟೆ, ನೆನಪಿನ ಚಿಪ್ಪುಗಳನ್ನು ಎರಡರಷ್ಟು ಮಾಡಿದೆ, ಹಳೆಯ ಡಿಸ್ಕು ಯಾವಾಗ ಕೈಕೊಡುವುದೋ ಎಂದು ಪಕ್ಕಕ್ಕೆ ಹೊಸ ಮೆಮೊರಿ ಕಾರ್ಡಿನ ವ್ಯವಸ್ಥೆಯನ್ನೂ ಮಾಡಿದೆ. ಡಿಸ್ಕು ಒಳಗೆ ಹಿಡಿದುಕೊಂಡು ತಿರುಗುತ್ತಲೇ ಇರಲಿಲ್ಲ. ಬಿಸಿಲಲ್ಲಿ ಅರ್ಧ ಗಂಟೆ ಇಟ್ಟು, ಅಂಗೈಯಲ್ಲಿ ಹಿಡಿದು ಮಣಿಕಟ್ಟನ್ನು ಒಮ್ಮೆ ಚಕ್ಕನೆ ತಿರುಗಿಸಿದೆ. ಗುಂಯ್ ಎಂದಿತು. ಆ ಗುಂಯ್ ಎನ್ನುವ ಸದ್ದಿಗೆ ನನಗೆ ಬಂದ ಸಂತೋಷ, ಸುಳ್ಳು ಯಾಕೆ ಹೇಳಲಿ, ನನ್ನ ಮದುವೆಯ ದಿನವೂ ಬಂದಿರಲಿಲ್ಲ.

ಅಂಜಿನಮ್ಮನನ್ನು ಕರೆಸಿದೆ. ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಗೋವಿಂದಪ್ಪ ಬಳಸುತ್ತಿದ್ದ ಅಂಚು ಬರೆಯುವ ಸಾಫ್ಟ್‌ವೇರು ತೆರೆಯಿತು. ಕಡತಗಳ ಪಟ್ಟಿಯಲ್ಲಿ ಮೂವತ್ತು ಹೆಸರು. ಒಂದೊಂದಾಗಿ ತೆರೆಯುತ್ತ ಹೋದೆ. ಹನ್ನೊಂದನೆಯದು ಪರದೆಯ ಮೇಲೆ ಮೇಲಿನಿಂದ ಕೆಳಕ್ಕೆ, ಸಾಲುಸಾಲಾಗಿ ಮೂಡಿತು. ಎಲೆ ಬಂತು, ಹೂ ಬಂತು, ನೆಲದ ಗೆರೆ ಬಂತು, ಆಮೇಲೆ ಬೇರು, ಬೇರಿನ ತುದಿಗೆ ಕಾಯಿ.

"ಇದೇ" ಎಂದಳು ಅಂಜಿನಮ್ಮ. ಪರದೆಯ ಮೇಲಿನ ಬೇರಿಗೆ ಬೆರಳಿಟ್ಟು, "ಶೆನಕ್ಕಾಯ ಹೊಲ್ದಾಗೆ ಒಂದು ಗಿಡ ಕಿತ್ತು ಮನಿಗೆ ತಂದು, ನೀರಿನಾಗೆ ತೊಳ್ದು, ಗ್ವಾಡಿಗೆ ಜೋತು ಹಾಕಿದ್ರು. ಒಂದ್ವಾರ ಅದನ್ನೇ ನೋಡ್ತಾ ಕುಂತ್ರು. ನಾನು ಹುಚ್ಚು ಹಿಡೀತು ಅಂದ್ಕಂಡಿದ್ದೆ" ಎಂದಳು. ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು.

ಆಗ ನಾನು ಮಾಡಿದ ಕೆಲಸಕ್ಕೆ ನನ್ನ ಕೈಯನ್ನು ಇವತ್ತಿಗೂ ಕ್ಷಮಿಸಿಲ್ಲ. ಮೋಟಾರು ಸುತ್ತುವವರಲ್ಲಿ ಒಂದು ಪದ್ಧತಿ ಇದೆ. ಬರೀ ತಿರುಗಿದರೆ ಸಾಲದು, ಭಾರ ಹೊತ್ತು ತಿರುಗಬೇಕು. ಭಾರ ಕೊಟ್ಟು ನೋಡದೆ ನಾನು ಯಾವ ಮೋಟಾರನ್ನೂ ಬಾಗಿಲು ದಾಟಿಸಿದವನಲ್ಲ. ಕಂಪ್ಯೂಟರಿನಲ್ಲೂ ಅದೇ ಅಭ್ಯಾಸ. ಓದಿದರೆ ಸಾಲದು, ಬರೆಯಬೇಕು. "ನೋಡ್ರಿ ಅಂಜಿನಮ್ಮ, ಬರೀ ತೋರ್ಸೋದಲ್ಲ, ಉಳಿಸ್ಕೊಳ್ಳೋಕೂ ಬರ್ತೈತೆ" ಎಂದು ಬೀಗುತ್ತಾ ಗುಂಡಿ ಒತ್ತಿದೆ. ಡಿಸ್ಕು ಒಮ್ಮೆ ಕಿರುಗುಟ್ಟಿ, ಬರೆಯಿತು.

"ಏನ್ ಒತ್ತಿದ್ರಿ?" ಎಂದು ಕೇಳಿದಳು.

"ಏನಿಲ್ಲ, ಟೆಸ್ಟ್ ಮಾಡ್ದೆ" ಎಂದೆ.

ಅವಳು ಬಸ್ಸು ಹತ್ತಿದ ಮೇಲೆ, ತಾರೀಕುಗಳನ್ನು ಕಾಗದಕ್ಕೆ ಇಳಿಸೋಣವೆಂದು ಪಟ್ಟಿ ತೆಗೆದೆ. ಇಪ್ಪತ್ತೊಂಬತ್ತು ಕಡತಗಳಿಗೆ ತೊಂಬತ್ತರ ದಶಕದ ತಾರೀಕು. ಶೇಂಗಾ ಅಂಚಿಗೆ ಮಾತ್ರ ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು. ಸೋರಿದ ಬ್ಯಾಟರಿಯನ್ನು ಕಿತ್ತವನು ನಾನೇ. ಹೊಸದನ್ನು ಇನ್ನೂ ಹಾಕಿರಲಿಲ್ಲ. ಬ್ಯಾಟರಿ ಇಲ್ಲದ ಈ ಜಾತಿಯ ಯಂತ್ರ ಎದ್ದಾಗಲೆಲ್ಲ ತನ್ನ ಕಾಲ ಎಂಬತ್ತರ ಜನವರಿ ಒಂದರಿಂದ ಶುರುವಾಯಿತು ಎಂದುಕೊಳ್ಳುತ್ತದೆ. ಗೋವಿಂದಪ್ಪನ ತಾರೀಕು ಅಳಿಸಿ ಆ ಹುಸಿ ತಾರೀಕನ್ನು ಬರೆದದ್ದು ನನ್ನ ಬೆರಳು. ಯಾವ ಯಂತ್ರ ಬಂದರೂ ಮೊದಲು ಅದರಲ್ಲಿರುವುದರ ನಕಲು ತೆಗೆ, ಆಮೇಲೆ ಕೈ ಹಚ್ಚು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಆ ಸಂತೋಷದಲ್ಲಿ ನಕಲೂ ತೆಗೆದಿರಲಿಲ್ಲ.

ಮಾರನೆಯ ದಿನವೇ ಮೊಳಕಾಲ್ಮುರಿಗೆ ಹೋಗಿ ಅವಳ ಮಗ್ಗದ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿದೆ. ಅಂಜಿನಮ್ಮ ಕಾಲು ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟು ಕೂತೇ ಕೇಳಿಸಿಕೊಂಡಳು.

"ಅದನ್ನ ತಿದ್ದೋಕೆ ಬರಲ್ವಾ?"

"ಬರ್ತೈತೆ. ಗಡಿಯಾರ ಹಿಂದಕ್ಕೆ ತಿರುಗಿಸಿ ಮತ್ತೆ ಬರೆದ್ರೆ ಯಾವ ತಾರೀಕು ಬೇಕಾದ್ರೂ ಕೂರ್ತೈತೆ. ಆದ್ರೆ ಅದು ಸುಳ್ಳು ತಾರೀಕು."

"ಯಾವ್ದು ಸುಳ್ಳು? ಅವರು ಬರ್ದಿದ್ದು ಸುಳ್ಳಾ? ನೇಯೋವಾಗ ಎಳೆ ಕಿತ್ರೆ ಗಂಟು ಹಾಕ್ತೀವಿ. ಗಂಟು ಹಾಕಿದ ಸೀರೆನ ಸುಳ್ಳು ಸೀರೆ ಅಂತಾರಾ? ತಿದ್ರಿ."

ನಾನು ತಿದ್ದುವುದಿಲ್ಲ ಎಂದೆ. ಕಡತದಲ್ಲಿ ಸುಳ್ಳು ತಾರೀಕು ಕೂರಿಸಿದರೆ ನನಗೂ ಅಧ್ಯಕ್ಷರಿಗೂ ಏನು ವ್ಯತ್ಯಾಸ, ನಿಜವನ್ನೇ ಹೇಳೋಣ, ಮಿಕ್ಕ ಇಪ್ಪತ್ತೊಂಬತ್ತು ಕಡತಗಳು ಇವೆ, ಯಂತ್ರ ಕೆಟ್ಟದ್ದೇ ಅವರು ಅಧ್ಯಕ್ಷರಾಗುವ ಮೊದಲು, ಅಷ್ಟು ಸಾಕಲ್ಲ ಎಂದು ದೊಡ್ಡ ಭಾಷಣ ಮಾಡಿದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

"ಏನ್ ಒತ್ತಿದ್ರಿ ಅಂತ ಅವತ್ತೇ ಕೇಳಿದ್ನಲ್ಲ" ಎಂದಳು. ಆಮೇಲೆ ಮಗ್ಗ ನಡೆಸತೊಡಗಿದಳು. ನಾನು ಹೊರಗೆ ಬಂದು ಬಸ್ಸಿಗೆ ನಿಂತೆ.

ಸಭೆ ನಡೆದದ್ದು ಗಣಪತಿ ಹಬ್ಬ ಕಳೆದ ವಾರ, ಮಧ್ಯಾಹ್ನ. ಕಂಪ್ಯೂಟರನ್ನು ಟಾಟಾ ಏಸಿನಲ್ಲಿ ಹಾಕಿಕೊಂಡು ಹೋಗಿ ಸಂಘದ ಮೇಜಿನ ಮೇಲೆ ಕೂರಿಸಿದೆ. ಹತ್ತು ಹನ್ನೆರಡು ಸದಸ್ಯರು, ಹೆಚ್ಚಿನವರು ಗೋವಿಂದಪ್ಪನ ಜೊತೆಗೇ ನೇಯ್ದವರು. ಅಂಚು ಪರದೆಯ ಮೇಲೆ ಬಂದಾಗ ಒಬ್ಬಿಬ್ಬರು ಮುಂದಕ್ಕೆ ಬಾಗಿದರು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತಾರೀಕು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ.

"ಎಂಬತ್ತನೇ ಇಸ್ವಿ" ಎಂದು ಮೆತ್ತಗೆ ಓದಿದರು. "ಅವಾಗ ನಮ್ಮ ಬೀದಿಗೆ ಕರೆಂಟೇ ಸರಿಯಾಗಿ ಇರ್ಲಿಲ್ಲ. ಕಂಪ್ಯೂಟ್ರು ಎಲ್ಲಿತ್ತಪ್ಪ?" ಸದಸ್ಯರಲ್ಲಿ ನಗು ಎದ್ದಿತು. ಬ್ಯಾಟರಿ, ಗಡಿಯಾರ, ನಾನು ಗುಂಡಿ ಒತ್ತಿದ್ದು, ಮಿಕ್ಕ ಇಪ್ಪತ್ತೊಂಬತ್ತು ಕಡತಗಳ ತಾರೀಕು, ಎಲ್ಲವನ್ನೂ ವಿವರಿಸಿದೆ. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, "ಅಂದ್ರೆ ಈ ಕಡತ ಕೊನೇಲಿ ಬರ್ದೋರು ನೀವೇ. ನಿಮ್ಮ ಮನೆಯಾಗೆ" ಎಂದರು.

"ಹೌದು. ಆದ್ರೆ ಒಳಗಿರೋದು ಅವರದ್ದು."

"ಅದನ್ನ ಹೇಳೋರೂ ನೀವೇ. ನೋಡ್ರಿ, ನೀವು ಬುದ್ಧಿವಂತ್ರು. ಸತ್ತಿರೋ ಮಿಷನ್ನು ಎಬ್ಬಿಸಿದೋರು. ಇಷ್ಟು ಗೊತ್ತಿರೋರಿಗೆ ಒಂದು ಅಂಚು ಬರ್ದು ಒಳಗೆ ಸೇರ್ಸೋದು ದೊಡ್ಡದಾ? ನಮ್ಮ ಸಂಘದಿಂದ ಹೋದಾಗ ಗುಜರಿ, ನಿಮ್ಮ ಮನೆಯಿಂದ ಬರುವಾಗ ಪುರಾವೆ."

ಹದಿನೇಳು ತಂತಿಗಳನ್ನು ಭೂತಗನ್ನಡಿ ಹಿಡಿದು ಜೋಡಿಸಿದ್ದೇ ನನ್ನ ಮೇಲಿನ ಆರೋಪವಾಯಿತು. ಏನೂ ತಿಳಿಯದ ದಡ್ಡ ತಂದು ಇಟ್ಟಿದ್ದರೆ ನಂಬುತ್ತಿದ್ದರು. ಕೆಲಸ ಗೊತ್ತಿರುವುದೇ ಕಳ್ಳತನದ ಗುರುತು ಎನ್ನುವ ಆ ನ್ಯಾಯವನ್ನು ಮೆಚ್ಚಿ ತಲೆದೂಗಿದ ಸದಸ್ಯರನ್ನು ನೋಡಿದೆ. ಗೋವಿಂದಪ್ಪ ಆ ಅಂಚು ಬರೆಯುವುದನ್ನು ಕಣ್ಣಾರೆ ಕಂಡವರು ಅವರಲ್ಲಿ ನಾಲ್ವರಾದರೂ ಇದ್ದರೆಂದು ಆಮೇಲೆ ತಿಳಿಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ರೇಷ್ಮೆ, ಜರಿ ಸಂಘದಿಂದಲೇ ಬರಬೇಕಲ್ಲ. ತಿಪ್ಪೇಸ್ವಾಮಿ ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ ಬರೆದ: ಸೂಕ್ತ ಪುರಾವೆ ಇಲ್ಲದ ಕಾರಣ ಮನವಿಯನ್ನು ತಿರಸ್ಕರಿಸಲಾಗಿದೆ. ಗೋವಿಂದಪ್ಪನ ಹೆಸರನ್ನು ಆ ಸಾಲಿನಲ್ಲೂ ಬರೆಯಲಿಲ್ಲ.

ಹೊರಗೆ ಬಂದ ಮೇಲೆ ಅಂಜಿನಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಇದನ್ನ ನಮ್ಮನ್ಯಾಗೆ ಇಳಿಸ್ರಿ. ಚಾಲೂ ಮಾಡೋದು ನನಗೂ ಹೇಳ್ಕೊಡ್ರಿ" ಎಂದಳು. ಇಳಿಸಿದೆ. ಹೊಸ ಬ್ಯಾಟರಿ ಹಾಕಿ ಗಡಿಯಾರ ಸರಿಮಾಡಿದೆ. ಆಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೆ. ಅಂಗಡಿಯ ಹಿಂದಿನ ಕೋಣೆಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೊಂದನ್ನು ಸರಿಮಾಡಿ ಜೋಡಿಸಿದೆ. ಅವಳು ಬೇಗ ಕಲಿತಳು. ಎಳೆ ಎಣಿಸಿ ಬದುಕಿದವಳಿಗೆ ಚುಕ್ಕಿ ಎಣಿಸುವುದು ಕಷ್ಟವಾಗಲಿಲ್ಲ.

ಸೀರೆ ಪ್ರದರ್ಶನಕ್ಕೆ ಹೋಯಿತು. ಅದರ ಕಿರುಪುಸ್ತಕದಲ್ಲಿ ಅಧ್ಯಕ್ಷರ ಹೆಸರು, ಫೋಟೊ ಎರಡೂ ಬಂದವು. ಅಷ್ಟರಲ್ಲಿ ನಮ್ಮ ಕಡೆ ಶೇಂಗಾ ಕೀಳುವ ಕೆಲಸ ಶುರುವಾಗಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲಗಳ ತುಂಬ ಬುಡಮೇಲು ಮಾಡಿ ಒಣಗಲು ಹಾಕಿದ ಗಿಡಗಳು, ಬೇರು ಆಕಾಶಕ್ಕೆ. ಅಂಥ ಒಂದು ಭಾನುವಾರ ಅಂಜಿನಮ್ಮನ ಮನೆಯಲ್ಲಿ ಕೂತಿದ್ದಾಗ ತಿಪ್ಪೇಸ್ವಾಮಿ ಬಂದ. ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತ.

"ಅಕ್ಕಾ, ಪ್ರದರ್ಶನದಾಗೆ ನೋಡಿದೋರು ಆ ಅಂಚಿನ ಸೀರೆ ಬೇಕು ಅಂದವ್ರೆ. ದೊಡ್ಡ ಆರ್ಡ್ರು. ಕಾರ್ಡು ಇಲ್ಲ. ಸೀರೆ ನೋಡಿ ಎಣಿಸಿ ಬರ್ಸಿದ್ವಿ, ಬೇರು ತಿರುಗೋ ಕಡೆ ಕೆಡ್ತೈತೆ. ಅಧ್ಯಕ್ಷರು ನಿಮ್ಮ ಹತ್ರ ಪ್ರಿಂಟು ತಗೊಂಬಾ ಅಂದ್ರು."

"ಬರ್ಸಿದೋರು ಅವರೇ ಅಲ್ವೇನ್ಲೇ? ತಲೆಯಾಗಿರೋದನ್ನ ತಿರುಗಿ ಬರ್ಕೊಳ್ಳೋಕೆ ಹೇಳೋಗು" ಎಂದೆ. ತಿಪ್ಪೇಸ್ವಾಮಿ ಬಾಗಿಲ ಚೌಕಟ್ಟು ನೋಡುತ್ತ ನಿಂತ. ಅಂಜಿನಮ್ಮ ನನ್ನನ್ನು ಸುಮ್ಮನಿರುವಂತೆ ಕೈಸನ್ನೆ ಮಾಡಿದಳು.

"ಎಷ್ಟು ಮಗ್ಗಕ್ಕೆ ಕೆಲ್ಸ ಆಗ್ತೈತೆ?"

"ಇಡೀ ಬೀದಿಗೆ ಅಕ್ಕಾ. ಯುಗಾದಿವರೆಗೆ."

"ಕೊಡ್ತೀನಿ" ಎಂದಳು.

ನಾನು ಎದ್ದುನಿಂತೆ. ಕೊಡಬೇಡಿ, ಅವರು ಕಾಲಿಗೆ ಬೀಳಲಿ, ಇದೇ ನಿಮ್ಮ ಕೈಗೆ ಸಿಕ್ಕ ಹಗ್ಗ ಎಂದು ಹೇಳಿದೆ. ಆಕೆ ನನ್ನ ಕಡೆ ತಿರುಗಿ, "ಅಧ್ಯಕ್ಷ ನೇಯಲ್ಲ, ಅನ್ನಾ. ನೇಯೋರು ಇವ್ರು" ಎಂದು ಬೀದಿಯ ಕಡೆ ಕೈ ತೋರಿಸಿದಳು. ಅವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದವರಿಗೂ ಕೆಲಸ ಸಿಗುವುದು ನನಗೆ ಸರಿಬರಲಿಲ್ಲ. ಇವತ್ತಿಗೂ ಸರಿಬಂದಿಲ್ಲ. ಆದರೆ ಅಂಚು ನನ್ನದಲ್ಲ, ಅವಳದು.

"ಕೂತ್ಕೋ ತಿಪ್ಪೇಸ್ವಾಮಿ. ಕಾಗದ, ಪೆನ್ನು ಐತಾ? ಬರಿ. ಅವತ್ತು ಪುಸ್ತಕದಾಗೆ ಬರ್ದೆಯಲ್ಲ, ಹಂಗೇ ಚೆಂದಾಗಿ ಬರಿ. ಯಾರು ಮಾಡಿದ ಅಂಚು, ಯಾರ ಮನೆಯಿಂದ ತಗೊಂಡೋಗ್ತಾ ಇದೀಯ, ಬರ್ದು ಸೈ ಹಾಕಿ ಮೊಹ್ರು ಒತ್ತು."

"ಅಕ್ಕಾ, ಅಧ್ಯಕ್ಷರು..."

"ಅಧ್ಯಕ್ಷನ್ನ ಬರಿ ಅಂದೆನಾ? ನಿನ್ನ ಬರಿ ಅಂದೆ. ನೀನು ಕಂಡಿದ್ದೀಯಲ್ಲ, ಅವರು ಕುಂತು ಬರೀತಿದ್ದಾಗ ಚಾ ತಂದ್ಕೊಟ್ಟೋನು ನೀನೇ."

ಅದು ನನಗೆ ಅವತ್ತೇ ಗೊತ್ತಾದದ್ದು. ತಿಪ್ಪೇಸ್ವಾಮಿ ಎಷ್ಟೋ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ತನಗೆ ಸಂಸಾರವಿದೆ, ನೌಕರಿಯಿದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಕೊನೆಗೆ ಹೊಸ್ತಿಲ ಒಳಗೆ ಬಂದು, ನೆಲದ ಮೇಲೆ ಕೂತು, ಸಂಘದ ಲೆಟರ್‌ಹೆಡ್ಡನ್ನೇ ಚೀಲದಿಂದ ತೆಗೆದು ತೊಡೆಯ ಮೇಲಿಟ್ಟು ಬರೆದ. ಮೊಹರನ್ನು ಅಂಗಿಯ ಅಂಚಿಗೆ ಒರೆಸಿ ಒತ್ತಿದ. ಅಂಜಿನಮ್ಮನಿಗೆ ಕನ್ನಡ ಓದಲು ಬರುವುದಿಲ್ಲ, ತೆಲುಗು ಮಾತ್ರ. ಕಾಗದವನ್ನು ನನಗೆ ತೋರಿಸಿದಳು. "ತಾರೀಕು ಇಲ್ಲ" ಎಂದೆ. ಬೇಕೆಂದೇ ಬಿಟ್ಟಿದ್ದನೋ ಮರೆತಿದ್ದನೋ ತಿಳಿಯದು. ಹಾಕಿದ.

"ಈಗ ಓದು" ಎಂದಳು.

ಓದಿದ. ಆದರೆ ಬೀದಿಯ ಮಗ್ಗಗಳೆಲ್ಲ ಸದ್ದು ಮಾಡುತ್ತಿದ್ದವು, ಅವನೋ ಗಂಟಲೊಳಗೇ ಓದಿದ. ಅಂಜಿನಮ್ಮ ಎದ್ದು ಬಾಗಿಲಿಗೆ ಹೋದಳು. ಪಕ್ಕದ ಮನೆಯವರನ್ನು ತೆಲುಗಿನಲ್ಲಿ ಕೂಗಿ ಮಗ್ಗ ನಿಲ್ಲಿಸಲು ಹೇಳಿದಳು. ಅವರು ಆಚೆಯವರಿಗೆ ಹೇಳಿದರು, ಆಚೆಯವರು ಎದುರಿನವರಿಗೆ. ಒಂದೊಂದೇ ಮಗ್ಗ ನಿಂತು, ನಿಂತು, ಕೊನೆಯದೂ ನಿಂತಿತು. ಆ ಬೀದಿಯೆಲ್ಲ ಹಗಲು ಹೊತ್ತು ಅಷ್ಟು ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ಜನ ಬಾಗಿಲುಗಳಿಗೆ ಬಂದರು. ಸಭೆಯಲ್ಲಿ ನಕ್ಕವರೂ ಅವರಲ್ಲಿ ಇದ್ದರು.

"ಹೊರಗೆ ಬಾ. ಎದ್ದು ನಿಂತು ಓದು" ಎಂದಳು ಅಂಜಿನಮ್ಮ.

ತಿಪ್ಪೇಸ್ವಾಮಿ ಜಗಲಿಯ ಮೇಲೆ ನಿಂತು, ಎರಡೂ ಕೈಯಲ್ಲಿ ಕಾಗದ ಹಿಡಿದು, ಗೋವಿಂದಪ್ಪನ ಹೆಸರನ್ನು ತಂದೆಯ ಹೆಸರಿನ ಸಮೇತ ಬೀದಿಯ ಕೊನೆಗೆ ಕೇಳುವ ಹಾಗೆ ಓದಿದ.